ಕೋಡಿ ಹರಿದ ದಾರಿ

ಮೈಸೂರಿನ ಅರಮನೆಯಿಂದ ದಕ್ಷಿಣದ ಕಡೆಗೆ ಸ್ವಲ್ಪ ದೂರ ನಡೆದರೆ ಅಗ್ರಹಾರ ಎಂದೇ ಹೆಸರಾದ ಹಳೆಯ ವಸತಿ ಸಿಕ್ಕುತ್ತದೆ. ನೂರೊಂದು ಗಣಪತಿಯ ಗುಡಿ, ರಾಮಾನುಜ ರಸ್ತೆ, ತ್ಯಾಗರಾಜ ರಸ್ತೆ, ಮಠಗಳ ಹೆಸರು ಹೊತ್ತ ಬೀದಿಗಳು ಇವೆಲ್ಲ ಆ ಭಾಗದ ಗುರುತುಗಳು. ಈ ದೈವನಾಮಗಳ, ಆಚಾರ್ಯನಾಮಗಳ ನಡುವೆ ನಾಲಾ ಬೀದಿ ಎಂಬ ಒಂದು ಹೆಸರೂ ಇದೆ. ಅದರಲ್ಲಿ ದೇವರಿಲ್ಲ, ಗುರುವಿಲ್ಲ, ದೊರೆಯೂ ಇಲ್ಲ. ಒಂದು ಕಾಲಕ್ಕೆ ನೀರು ಹರಿದಿತ್ತೆಂಬ ಸಂಗತಿ ಮಾತ್ರ ಇದೆ. ಊರಿನ ಹೆಸರುಗಳನ್ನು ಶಾಸನಗಳಂತೆ ಓದುವ ಅಭ್ಯಾಸವಿದ್ದವರಿಗೆ ಮೈಸೂರು ಇಂಥ ಹೆಸರುಗಳ ಒಂದು ಭಂಡಾರವೇ ಸರಿ. ದಸರಾ ವಸ್ತುಪ್ರದರ್ಶನ ನಡೆಯುವ ಸ್ಥಳದ ಹೆಸರು ದೊಡ್ಡಕೆರೆ ಮೈದಾನ, ಅಲ್ಲಿ ಕೆರೆಯಿಲ್ಲ. ಸ್ವಾತಂತ್ರ್ಯ ಹೋರಾಟದ ಸಭೆಗಳಿಗೆ ಹೆಸರಾದ ಸುಬ್ಬರಾಯನಕೆರೆಯಲ್ಲಿ ಕೆರೆಯಿಲ್ಲ. ಜೀವರಾಯನಕಟ್ಟೆಯಲ್ಲಿ ಕಟ್ಟೆಯಿಲ್ಲ, ಆಟದ ಬಯಲಿದೆ. ವಸ್ತು ಹೋಗಿ ಹೆಸರು ಉಳಿದಿರುವ ಇಂಥ ಸ್ಥಳಗಳನ್ನು ನಕ್ಷೆಯ ಮೇಲೆ ಒಂದೊಂದಾಗಿ ಗುರುತಿಸುತ್ತ ಹೋದರೆ ಒಂದು ವಿಷಯ ಹೊಳೆಯುತ್ತದೆ. ಅವು ಚದುರಿದ ಬಿಂದುಗಳಲ್ಲ. ಒಂದಕ್ಕೊಂದು ಸೇರಿ ರೇಖೆಗಳಾಗುತ್ತವೆ. ಆ ರೇಖೆಗಳನ್ನು ಕುರಿತೇ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಅಗ್ರಹಾರ ಎಂಬ ಶಬ್ದವನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ಪೂರ್ವಿಕರು ಸಪ್ತಸಂತಾನ ಎಂದು ಏಳು ಪುಣ್ಯಕಾರ್ಯಗಳನ್ನು ಎಣಿಸುತ್ತಿದ್ದರು. ಮಗ ಅದರಲ್ಲಿ ಒಂದು ಮಾತ್ರ. ಕೆರೆ, ದೇವಾಲಯ, ವನ, ಕಾವ್ಯಕೃತಿ, ಧನನಿಕ್ಷೇಪ, ಅಗ್ರಹಾರ ಇವು ಉಳಿದ ಆರು. ಕವಿಯ ಕೃತಿಯೂ ಕೆರೆಯೂ ಒಂದೇ ಪಟ್ಟಿಯಲ್ಲಿ ಕುಳಿತಿರುವುದನ್ನು ಕಂಡು ಸಾಹಿತ್ಯದ ಅಧ್ಯಾಪಕನಾದ ನನಗೆ ಸಂತೋಷವಾಗುವುದು ಸಹಜವೇ. ಆದರೆ ಇಲ್ಲಿ ಗಮನಿಸಬೇಕಾದದ್ದು ಬೇರೆ. ಕೆರೆ, ವನ, ಅಗ್ರಹಾರ ಇವು ಪಟ್ಟಿಯಲ್ಲಿ ಬೇರೆ ಬೇರೆಯಾಗಿದ್ದರೂ ನೆಲದ ಮೇಲೆ ಬೇರೆಯಾಗಿರಲಿಲ್ಲ. ಅಗ್ರಹಾರವನ್ನು ದತ್ತಿ ಬಿಡುವಾಗ ಅದಕ್ಕೆ ಗದ್ದೆ ಬೇಕು. ಗದ್ದೆಗೆ ಕೆರೆ ಬೇಕು. ಕೆರೆಗೆ ಏರಿ, ತೂಬು, ಕೋಡಿ, ಕಾಲುವೆ ಬೇಕು. ಕೆರೆಯ ಮೇಲುಭಾಗದಲ್ಲಿ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುವ ಗೋಮಾಳ, ತೋಪು, ಕುರುಚಲು ಕಾಡು ಬೇಕು. ಬಿ. ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಪುಟ ಸಂಪುಟವಾಗಿ ಪ್ರಕಟಿಸಿದ ನಮ್ಮ ಶಾಸನಗಳಲ್ಲಿ ದತ್ತಿಯ ಚತುಸ್ಸೀಮೆಯನ್ನು ಹೇಳುವ ಭಾಗವನ್ನು ಓದುಗರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಪ್ರಶಸ್ತಿಭಾಗದ ಸಮಾಸಗಳ ಸೊಗಸು ಅದರಲ್ಲಿಲ್ಲ. ಮೂಡಲಿಗೆ ಹುಣಿಸೆಯ ಮರ, ತೆಂಕಲಿಗೆ ಹಳ್ಳ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ಹುತ್ತ, ಹೀಗೆ ಸಾಗುವ ಒಣ ವಿವರ ಅದು. ನನ್ನ ಮಟ್ಟಿಗೆ ನಮ್ಮ ನಾಡಿನ ಅತ್ಯಂತ ಪ್ರಾಚೀನವಾದ ಭೂಯೋಜನೆಯ ದಾಖಲೆಗಳು ಆ ಒಣ ಸಾಲುಗಳೇ. ಊರಿನ ಎಲ್ಲೆಯನ್ನು ಹೇಳಬೇಕಾದವನು ಮರವನ್ನೂ ಹಳ್ಳವನ್ನೂ ಹೇಳಬೇಕಾಗಿತ್ತು; ಅವು ಅಲ್ಲಿಂದ ಕದಲುವುದಿಲ್ಲ ಎಂಬ ನಂಬಿಕೆ ಇತ್ತು.

ಹಾಗೆಂದು ಆ ಕಾಲವನ್ನು ಹೊಗಳಿ ಹಾಡುವ ಇಚ್ಛೆ ನನಗಿಲ್ಲ. ಅಗ್ರಹಾರದಲ್ಲಿ ಮನೆ ಯಾರಿಗೆ ದೊರೆಯುತ್ತಿತ್ತು, ಯಾರಿಗೆ ದೊರೆಯುತ್ತಿರಲಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಕೆರೆಯನ್ನು ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ನಿಂತಿತು. ಮಣ್ಣು ಹೊತ್ತವರ ಹೆಸರು ನಿಲ್ಲಲಿಲ್ಲ. ತೂಬನ್ನೆತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಬಹುಮಟ್ಟಿಗೆ ಊರಾಚೆಯ ಕೇರಿಯವನು. ಆದರೆ ಯಾವ ಕಾಲುವೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾವ ಕೆರೆ ಕೋಡಿಬಿದ್ದರೆ ಯಾವ ಕೆರೆಗೆ ಜೀವ ಬರುತ್ತದೆ ಎಂಬುದನ್ನು ಊರಿನಲ್ಲಿ ಕಾಲಿನಿಂದ ಬಲ್ಲವನು ಅವನೊಬ್ಬನೇ. ಗದ್ದೆ ನಿವೇಶನವಾದಾಗ ಮೊದಲು ಕೆಲಸ ಕಳೆದುಕೊಂಡವನೂ ಅವನೇ. ಅವನೊಡನೆ ಆ ಜ್ಞಾನವೂ ಹೋಯಿತು.

ಕೋಡಿ ಎಂಬ ಮಾತನ್ನು ಈಗಿನ ಪಟ್ಟಣದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಕೆರೆ ತುಂಬಿದ ಮೇಲೆ ಮಿಕ್ಕ ನೀರು ಏರಿಯನ್ನು ಒಡೆಯದಂತೆ ಹೊರಬೀಳುವುದಕ್ಕೆ ಬಿಟ್ಟಿರುವ ದಾರಿ ಕೋಡಿ. ಹಾಗೆ ಹೊರಬಿದ್ದ ನೀರು ವ್ಯರ್ಥವಾಗುವುದಿಲ್ಲ. ಕೆಳಗಿನ ಊರಿನ ಕೆರೆಗೆ ಸೇರುತ್ತದೆ. ಅದು ತುಂಬಿದರೆ ಅದಕ್ಕೂ ಕೆಳಗಿನದಕ್ಕೆ. ಮಹಾನದಿಗಳ ಭಾಗ್ಯವಿಲ್ಲದ ನಮ್ಮ ಬಯಲುಸೀಮೆ ಬದುಕಿದ್ದು ಈ ಸರಪಣಿಯಿಂದ. ಕೆರೆಯನ್ನು ಒಂದು ವಸ್ತುವೆಂದು ತಿಳಿಯುವುದು ಸರಪಣಿಯ ಒಂದು ಕೊಂಡಿಯನ್ನು ಕೈಯಲ್ಲಿ ಹಿಡಿದು ಇದೇ ಸರಪಣಿ ಎಂದಂತೆ.

ಮೈಸೂರಿನ ನೆಲದ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಗ್ನೇಯಕ್ಕೆ ಚಾಮುಂಡಿ ಬೆಟ್ಟ. ಅದರ ಬುಡದಿಂದ ಪಶ್ಚಿಮಕ್ಕೆ, ಉತ್ತರ ದಕ್ಷಿಣವಾಗಿ ಹಾಯ್ದ ಎರಡು ದಿಣ್ಣೆಗಳ ನಡುವಣ ತಗ್ಗಿನಲ್ಲಿ ಹಳೆಯ ಊರು. ಉತ್ತರದ ಭಾಗದ ಮಳೆ ಕಾವೇರಿಗೆ, ದಕ್ಷಿಣದ ಭಾಗದ್ದು ಕಪಿಲೆಗೆ. ಎರಡು ಹೊಳೆಗಳ ನಡುವೆ ಇದ್ದೂ ಎರಡಕ್ಕೂ ದೂರವಾದ, ಎತ್ತರದ ಊರು. ನೀರಿಗಾಗಿ ಕೆರೆಯನ್ನಲ್ಲದೆ ಬೇರೇನನ್ನೂ ನಂಬುವಂತಿರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜಧಾನಿ ಮತ್ತೆ ಮೈಸೂರಿಗೆ ಬಂದಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ಒಂದು ದಶಕಕ್ಕೂ ಮೇಲ್ಪಟ್ಟು ರಾಜ್ಯಭಾರ ನಡೆಸಿದ ದಿವಾನ್ ಪೂರ್ಣಯ್ಯನವರಿಗೆ ಹೊಳೆಯ ದಂಡೆಯ ರಾಜಧಾನಿಯಲ್ಲಿ ಬಾಳಿದ ಅನುಭವವಿತ್ತು. ಬೆಳೆಯುವ ಊರಿಗೆ ಕೆರೆಯ ನೀರು ಸಾಲದೆಂಬುದನ್ನು ಅವರು ಕಂಡುಕೊಂಡು ಕಾವೇರಿಯನ್ನೇ ಕಾಲುವೆಯ ಮೂಲಕ ಮೈಸೂರಿಗೆ ತರುವ ಸಾಹಸಕ್ಕೆ ಕೈಹಾಕಿದರು. ದಿಣ್ಣೆಗಳನ್ನು ಕಡಿದು ಆಳವಾದ ನಾಲೆಯನ್ನು ತೋಡಿಸಿದರು. ಕಾವೇರಿ ಬರಲಿಲ್ಲ. ಮಟ್ಟ ಒಪ್ಪಲಿಲ್ಲ, ಕೆಲಸ ನಿಂತಿತು. ಇಷ್ಟನ್ನು ಹೇಳಿ ಇತಿಹಾಸದ ಪುಸ್ತಕಗಳು ಮುಂದಕ್ಕೆ ಹೋಗುತ್ತವೆ. ನಿಜವಾದ ಕಥೆ ಆರಂಭವಾಗುವುದು ಅಲ್ಲಿಂದ ಮುಂದೆ. ತೋಡಿದ ನಾಲೆ ತೋಡಿದಂತೆಯೇ ಉಳಿಯಿತು. ಹೊಳೆಯ ನೀರನ್ನು ತರಲಾರದ ನಾಲೆ ಮಳೆಯ ನೀರನ್ನು ತರತೊಡಗಿತು. ಹಿನಕಲ್ಲಿನ ಕಡೆಯ ಎತ್ತರದ ನೆಲದ ಮೇಲೆ ಬಿದ್ದ ಮಳೆಯನ್ನು ಕೂಡಿಸಿಕೊಂಡು ಕುಕ್ಕರಹಳ್ಳಿಯ ಕಡೆಗೆ ಇಳಿಸಿತು. ಸೋತ ಯೋಜನೆಯೊಂದು ಯಾರೂ ಯೋಜಿಸದ ರೀತಿಯಲ್ಲಿ ಗೆದ್ದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ನಮ್ಮ ರಾಜ್ಯದ ಚರಿತ್ರೆಯಲ್ಲಿ ಕಂಡಿಲ್ಲ. ಪೂರ್ಣಯ್ಯ ನಾಲೆ ಎಂಬ ಹೆಸರು ಈ ಹೊತ್ತಿಗೂ ಚಾಲ್ತಿಯಲ್ಲಿದೆ.

ಮುಮ್ಮಡಿಯವರು ಕೆರೆಗಳನ್ನು ಕಟ್ಟಿಸಿದರು. 1828ರಲ್ಲಿ ನೈಋತ್ಯಕ್ಕೆ ಲಿಂಗಾಂಬುಧಿ, ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ. ಕೆರೆಯೊಂದಕ್ಕೆ ಅಂಬುಧಿ ಎಂದು, ಎಂದರೆ ಕಡಲೆಂದು ಹೆಸರಿಡುವ ಆ ಕಾಲದ ಉದಾರವಾದ ಅತಿಶಯೋಕ್ತಿ ನನಗೆ ಪ್ರಿಯವಾದದ್ದು. 1864ರಲ್ಲಿ, ತಾವು ತೀರಿಕೊಳ್ಳುವುದಕ್ಕೆ ನಾಲ್ಕು ವರ್ಷ ಮೊದಲು, ಕುಕ್ಕರಹಳ್ಳಿ ಕೆರೆ. ಊರಿನ ಹೊರಗಣ ಸುಮಾರು 4000 ಹೆಕ್ಟೇರ್ ನೆಲಕ್ಕೆ ನೀರುಣಿಸುವುದು ಅದರ ಉದ್ದೇಶವಾಗಿತ್ತೆಂದು ಹೇಳುತ್ತಾರೆ. ಊರವರು ಕುಡಿದದ್ದೂ ಉಂಟು. ಪೂರ್ವದಲ್ಲಿ ಬೆಟ್ಟದ ಅಡಿಗೆ ಕಾರಂಜಿ ಕೆರೆ. ಅದರ ಮಗ್ಗುಲಿಗೆ 1892ರಲ್ಲಿ ಚಾಮರಾಜೇಂದ್ರ ಒಡೆಯರು ಮೃಗಾಲಯವನ್ನು ಸ್ಥಾಪಿಸಿದರು. ಬೆಟ್ಟಕ್ಕಂತೂ ದೊಡ್ಡದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿಯೇ ಸಾವಿರ ಮೆಟ್ಟಿಲುಗಳನ್ನು ಕಟ್ಟಿಸಿ, ಒಂದೇ ಬಂಡೆಯಲ್ಲಿ ನಂದಿಯನ್ನು ಕಡೆಯಿಸಿದ್ದರು. ಬೆಟ್ಟ, ಅದರ ಬುಡದ ಕೆರೆ, ನಡುವೆ ಊರು, ಪಶ್ಚಿಮದ ದಿಣ್ಣೆ, ಅದರ ಕೆಳಗೆ ಕುಕ್ಕರಹಳ್ಳಿ, ಇನ್ನೂ ಕೆಳಗೆ ಲಿಂಗಾಂಬುಧಿ, ತೀರ ದಕ್ಷಿಣಕ್ಕೆ ದಳವಾಯಿ ಕೆರೆ. ಹತ್ತೊಂಬತ್ತನೆಯ ಶತಮಾನದ ಮೈಸೂರಿನ ಚಿತ್ರ ಇದು. ಇವುಗಳ ನಡುವೆ ಗದ್ದೆ, ತೋಟ, ತೋಪು. ಇದನ್ನು ಯಾರೂ ಸಂರಕ್ಷಿತ ಪ್ರದೇಶವೆಂದು ಕರೆಯಲಿಲ್ಲ. ಕರೆಯುವ ಅಗತ್ಯ ಬಿದ್ದಿರಲಿಲ್ಲ.

ಆಮೇಲೆ ನೀರಿನ ಮೇಲೆ ಅಪವಾದ ಬಂದಿತು.

ಊರಿನ ಒಳಭಾಗದಲ್ಲಿ ಪೂರ್ಣಯ್ಯ ನಾಲೆಯ ತಗ್ಗು ಕೊಚ್ಚೆಯ ಹಳ್ಳವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ತುಂಬಿಸಿ ಅದರ ಮೇಲೆ ಅಗಲವಾದ ರಸ್ತೆಯನ್ನು ಹಾಕಿದರು. ಬರೋಡೆಯ ಮಹಾರಾಜರ ಹೆಸರಿಟ್ಟರು. ವಿಜಯದಶಮಿಯ ದಿನ ಅಂಬಾರಿಯ ಆನೆ ಬನ್ನಿಮಂಟಪದ ಕಡೆಗೆ ನಡೆಯುವ ಸಯ್ಯಾಜಿರಾವ್ ರಸ್ತೆ ಅದೇ. ಲಕ್ಷಾಂತರ ಜನ ಇಕ್ಕೆಲಗಳಲ್ಲಿ ನಿಂತು ನೋಡುವ ಆ ಮೆರವಣಿಗೆ ಒಂದು ಹೂತ ನಾಲೆಯ ಮೇಲೆ ನಡೆಯುತ್ತದೆಂಬುದು ನೋಡುವವರಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ! 1898ರಲ್ಲಿ ಪ್ಲೇಗು ಬಂದಿತು. ಆ ಮಾರಿಯ ಭೀತಿ ಎಂಥದೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದನ್ನು ಕೇಳಿದವರಿಗೆ ಗೊತ್ತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಮಾಡುವುದಕ್ಕಾಗಿ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾಯಿತು. ದೇಶದಲ್ಲಿಯೇ ಇದು ಮೊದಲನೆಯದೆಂದು ಹೇಳಿಕೊಳ್ಳುವ ವಾಡಿಕೆ ನಮ್ಮಲ್ಲಿದೆ. ಮುಂಬಯಿಯ ಟ್ರಸ್ಟ್ 1898ರದು. ಆದ್ದರಿಂದ ಮೊದಲಿನವುಗಳಲ್ಲಿ ಒಂದು ಎಂದರೆ ಸತ್ಯಕ್ಕೂ ಭಂಗವಿಲ್ಲ, ಅಭಿಮಾನಕ್ಕೂ ಊನವಿಲ್ಲ. ಚಾಮರಾಜಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲು ಮೊದಲಾದ ಬಡಾವಣೆಗಳು ಆ ಯುಗದ ಕಾಣಿಕೆ. 1901ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 68,000. ಅಷ್ಟು ಜನಕ್ಕೆ ಅಷ್ಟು ಅಗಲದ ರಸ್ತೆಗಳನ್ನೂ ಅಷ್ಟು ಉದ್ಯಾನಗಳನ್ನೂ ಕಲ್ಪಿಸಿದವರು ಕೃಪಣರಲ್ಲ.

ಆದರೂ ಅವರ ಕಣ್ಣಿಗೆ ನಿಂತ ನೀರು ಶತ್ರುವಾಗಿತ್ತು. ಸೊಳ್ಳೆ, ಮಲೇರಿಯ, ದುರ್ವಾಸನೆ. ಇವಕ್ಕೆ ಅವರು ಕಂಡ ಮದ್ದು ಮಣ್ಣು ತುಂಬುವುದು. ಊರ ನಡುವಣ ಕೆರೆಗಳು ಒಂದೊಂದಾಗಿ ಮೈದಾನಗಳಾದವು. ಅವರನ್ನು ದೂರಲು ನಾನು ಸಿದ್ಧನಿಲ್ಲ. ಮನೆಮನೆಯಲ್ಲಿ ಹೆಣ ಬಿದ್ದುದನ್ನು ಕಂಡವರು ಅವರು. ಆದರೆ ಅದೇ ಕಾಲದಲ್ಲಿ ಬೇರೊಂದು ಮಾತನ್ನು ಆಡಿದವರೂ ಇದ್ದರು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಜೀವವಿಜ್ಞಾನಿ 1915ರ ಸುಮಾರಿಗೆ ಮದರಾಸು, ಮುಂಬಯಿ ಪ್ರಾಂತಗಳ ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿಗಳನ್ನು ಬರೆದರು. ಕೆರೆಗಳನ್ನು ಮುಚ್ಚಬೇಡಿ, ಅವು ಊರನ್ನು ತಂಪಾಗಿಡುತ್ತವೆ. ಸೊಳ್ಳೆಯ ಭಯವಿದ್ದರೆ ಮೀನನ್ನೂ ಬಾತುಕೋಳಿಯನ್ನೂ ಬಿಡಿ ಎಂಬುದು ಅವರ ಸಲಹೆಯ ತಾತ್ಪರ್ಯ. ಗಿಡಮೂಲಿಕೆಯ ವೈದ್ಯನ ಮಾತಿನಂತೆ ಸರಳವಾಗಿದ್ದುದರಿಂದಲೋ ಏನೋ ಎಂಜಿನಿಯರುಗಳು ಅದನ್ನು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಇನ್ನೊಂದು ನಿದರ್ಶನವನ್ನು ಸಮುದ್ರದಾಚೆಯಿಂದ ಕೊಡಬಹುದು. ಅಮೆರಿಕದ ಬಾಸ್ಟನ್ ನಗರದಲ್ಲಿ ಉಬ್ಬರವಿಳಿತದ ಒಂದು ಕೆಸರುನೆಲ ಊರಿನ ಹೊಲಸೆಲ್ಲ ಸೇರಿ ನಾರುತ್ತಿತ್ತು, ಮಳೆಗಾಲದಲ್ಲಿ ಉಕ್ಕುತ್ತಿತ್ತು. 1878ರಿಂದ ಮುಂದಕ್ಕೆ ಫ್ರೆಡರಿಕ್ ಲಾ ಓಮ್ಸ್ಟೆಡ್ ಎಂಬ ಉದ್ಯಾನಶಿಲ್ಪಿ ಅದನ್ನು ಮುಚ್ಚದೆ, ಹೊಲಸನ್ನು ಬೇರೆ ಕೊಳವೆಗೆ ತಿರುಗಿಸಿ, ಹೊಳೆಯ ದಂಡೆಯುದ್ದಕ್ಕೂ ಗಿಡಮರಗಳನ್ನು ನಿಲ್ಲಿಸಿ, ಆ ಮೊದಲೇ ಇದ್ದ ಉದ್ಯಾನಗಳನ್ನೂ ಹೊಸವನ್ನೂ ಒಂದು ಹಾರದಂತೆ ಪೋಣಿಸಿದ. ಜನ ಅದನ್ನು ಪಚ್ಚೆಯ ಕಂಠಹಾರವೆಂದು ಕರೆದರು. ಪಚ್ಚೆಗಳಿಗಿಂತ ದಾರ ಮುಖ್ಯ ಎಂಬುದನ್ನು ಅವನು ಬಲ್ಲವನಾಗಿದ್ದ. ಮೈಸೂರಿನಲ್ಲಿ ನಮಗೆ ಪಚ್ಚೆಗಳಿಗೆ ಕೊರತೆಯಿರಲಿಲ್ಲ, ದಾರವೂ ಇತ್ತು. ಉದ್ಯಾನ, ವೃತ್ತ, ಕೆರೆ, ಬೆಟ್ಟ ಒಂದೊಂದನ್ನೂ ನಾವು ಒಂದೊಂದು ನೋಟವಾಗಿ ಸಿಂಗರಿಸಿದೆವು. ಅವುಗಳ ನಡುವೆ ಹರಿಯುತ್ತಿದ್ದ ಕಾಲುವೆಯನ್ನು ಮಾತ್ರ ಯಾರೂ ನೋಟವೆಂದು ಎಣಿಸಲಿಲ್ಲ.

ನೋಟಕ್ಕೆ ಚೆಂದವಿಲ್ಲದ ಈ ದಾರದಿಂದ ಆಗುವುದೇನು ಎಂದು ಕೇಳಬಹುದು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಆದರೂ ತಿಳಿದವರು ಬರೆದದ್ದನ್ನು ಓದಿ ಅರ್ಥಮಾಡಿಕೊಂಡಷ್ಟನ್ನು ಹೇಳುತ್ತೇನೆ. 1967ರಲ್ಲಿ ಮ್ಯಾಕ್ಆರ್ಥರ್ ಮತ್ತು ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ದ್ವೀಪಗಳ ಜೀವರಾಶಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ದ್ವೀಪ ಚಿಕ್ಕದಾದಷ್ಟೂ, ದಡದಿಂದ ದೂರವಾದಷ್ಟೂ ಅಲ್ಲಿ ಉಳಿಯುವ ಜೀವಜಾತಿಗಳ ಸಂಖ್ಯೆ ಕಡಿಮೆ. ಅಳಿದುದರ ಜಾಗಕ್ಕೆ ಹೊರಗಿನಿಂದ ಬಂದು ಸೇರುವುದು ಕಷ್ಟ. ಈ ತತ್ತ್ವ ಕಡಲ ನಡುವಣ ದ್ವೀಪಕ್ಕೆ ಮಾತ್ರವಲ್ಲ, ಮನೆಗಳ ಕಡಲಿನ ನಡುವೆ ಉಳಿದ ಕಾಡಿನ ತುಂಡಿಗೂ ಅನ್ವಯಿಸುತ್ತದೆಂದು ಅನಂತರದವರು ಕಂಡರು. 1,500 ಎಕರೆಯನ್ನು ಮೀರಿದ ಮೀಸಲು ಅರಣ್ಯವುಳ್ಳ ನಮ್ಮ ಚಾಮುಂಡಿ ಬೆಟ್ಟ ಈ ಅರ್ಥದಲ್ಲಿ ದ್ವೀಪವಾಗುತ್ತ ಬಂದಿದೆ. ಒಂದು ಮಗ್ಗುಲಲ್ಲಿ ಊರು. ಇನ್ನೊಂದು ಮಗ್ಗುಲಲ್ಲಿ, ಹಿಂದೆ ಹೊಲಗಳಿದ್ದ ಕಡೆ, ಊರನ್ನೆಲ್ಲ ಬಳಸಿ ಬರುವ ಸುಮಾರು 42 ಕಿಲೋಮೀಟರಿನ ಹೊರವರ್ತುಲ ರಸ್ತೆ ಮತ್ತು ಅದನ್ನು ಹಿಂಬಾಲಿಸಿ ಬಂದ ಬಡಾವಣೆಗಳು. ಹದ್ದಿಗೆ ಇದು ಲೆಕ್ಕವಿಲ್ಲ. ಕುಕ್ಕರಹಳ್ಳಿಯ ಹೆಜ್ಜಾರ್ಲೆಗೂ ಬಣ್ಣದ ಕೊಕ್ಕರೆಗೂ ಲೆಕ್ಕವಿಲ್ಲ. ಅವು ಬೆಳಗಾದರೆ ರಂಗನತಿಟ್ಟಿನ ಕಡೆಗೆ ಹಾರಬಲ್ಲವು. ಮೊಲ, ಮುಂಗುಸಿ, ಉಡ, ಆಮೆ, ಕಪ್ಪೆ ಹಾರಲಾರವು. ಅವಕ್ಕೆ ಹಳ್ಳದ ಪೊದೆ ಬೇಕು, ಕಾಲುವೆಯ ದಂಡೆಯ ಹೊಂಗೆ, ಲಕ್ಕಿ, ತಂಗಡಿ ಬೇಕು. ಆ ದಾರಿ ಕಡಿದರೆ ಅವು ಒಂದೇ ದಿನದಲ್ಲಿ ಸಾಯುವುದಿಲ್ಲ. ತಮ್ಮ ತಮ್ಮ ತುಂಡಿನೊಳಗೇ ಹುಟ್ಟಿ, ತಮ್ಮ ತಮ್ಮಲ್ಲೇ ಕೂಡಿ, ಒಂದು ಬರಗಾಲದಲ್ಲೋ ಒಂದು ಕಾಳ್ಗಿಚ್ಚಿನಲ್ಲೋ ಸದ್ದಿಲ್ಲದೆ ಮುಗಿದುಹೋಗುತ್ತವೆ.

ದೊಡ್ಡ ಪ್ರಾಣಿಗಳು ಹೀಗೆ ಸದ್ದಿಲ್ಲದೆ ಮುಗಿಯುವುದಿಲ್ಲ. 2011ರ ಜೂನ್ 8ರಂದು ಎರಡು ಕಾಡಾನೆಗಳು ಟಿ. ನರಸೀಪುರದ ದಿಕ್ಕಿನಿಂದ ಮೈಸೂರಿನ ಬೀದಿಗಳಿಗೆ ಬಂದವು. ಒಬ್ಬ ಮನುಷ್ಯ ಪ್ರಾಣ ಕಳೆದುಕೊಂಡ. ಊರು ಇಡೀ ದಿನ ಬಾಗಿಲು ಹಾಕಿಕೊಂಡಿತು. ದಸರೆಯಲ್ಲಿ ಆನೆಯನ್ನು ಪೂಜಿಸುವ ಊರು ಅಂದು ಆನೆಗೆ ಹೆದರಿತು. 2024ರ ಡಿಸೆಂಬರ್ 31ರ ಬೆಳಗಿನ ಜಾವ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಆವರಣದಲ್ಲಿ ಚಿರತೆಯೊಂದು ಕ್ಯಾಮೆರಾದ ಕಣ್ಣಿಗೆ ಬಿತ್ತು. ಸಾವಿರಾರು ಜನ ನೌಕರರಿಗೆ ಮನೆಯಿಂದಲೇ ಕೆಲಸ ಮಾಡುವಂತೆ ಹೇಳಲಾಯಿತು. ಅರಣ್ಯ ಇಲಾಖೆಯವರು ದಿನಗಟ್ಟಲೆ ಹುಡುಕಿದರು. ಚಿರತೆ ಬೋನಿಗೆ ಬೀಳಲಿಲ್ಲ. ಚಿರತೆ ನಗರಕ್ಕೆ ನುಗ್ಗಿತು ಎಂದು ಪತ್ರಿಕೆಗಳು ಬರೆದವು. ಆ ಆವರಣ ಮೀಸಲು ಅರಣ್ಯದ ಮಗ್ಗುಲಲ್ಲಿಯೇ ಇದೆ ಎಂಬುದನ್ನು ನೆನೆದರೆ ನುಗ್ಗಿದವರು ಯಾರು ಎಂಬುದು ವ್ಯಾಕರಣದ ಪ್ರಶ್ನೆಯಾಗುತ್ತದೆ. ಕರ್ತೃಪದವನ್ನು ಎಲ್ಲಿಡಬೇಕೆಂಬ ಪ್ರಶ್ನೆ.

ದಾರವಿದ್ದರೆ ಎಲ್ಲವೂ ಶುಭವೆಂದೂ ತಿಳಿಯಬೇಕಾಗಿಲ್ಲ. ಕೂಡಿಸುವ ದಾರಿ ಕೇಡನ್ನೂ ತರಬಲ್ಲದು. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದ ಪಕ್ಷಿಗಳು ಸತ್ತು ಮೃಗಾಲಯವನ್ನು ಒಂದು ತಿಂಗಳ ಕಾಲ ಮುಚ್ಚಬೇಕಾಯಿತು; ರೆಕ್ಕೆಯಿದ್ದದ್ದು ಎಲ್ಲೆಯನ್ನು ಕೇಳದೆ ಬಂದು ಹೋಗುತ್ತದೆ, ರೋಗವನ್ನೂ ಹೊತ್ತು. ಕಾಲುವೆಯಲ್ಲಿ ಮಳೆಯ ನೀರಿನೊಡನೆ ಚರಂಡಿಯ ನೀರೂ ಬರುತ್ತದೆ. ಇದೇ ಈ ಹೊತ್ತಿನ ದೊಡ್ಡ ಬಿಕ್ಕಟ್ಟು. ಹೊಲಸು ಬರುವುದೆಂದು ಕಾಲುವೆಗೆ ಅಡ್ಡ ಕಟ್ಟಿದರೆ ಕೆರೆಗೆ ಮಳೆ ತಪ್ಪುತ್ತದೆ. ಬಿಟ್ಟರೆ ಕೆರೆ ಹಸುರು ಬಣ್ಣದ ಪಾಚಿಯ ಗುಂಡಿಯಾಗುತ್ತದೆ. ನಗರದ ದಕ್ಷಿಣದ ಅಂಚಿನ ದಳವಾಯಿ ಕೆರೆಯ ಪಾಡು ಏನಾಯಿತೆಂಬುದನ್ನು ನಂಜನಗೂಡಿನ ದಾರಿಯಲ್ಲಿ ಹೋಗುವವರ ಮೂಗೇ ಹೇಳುತ್ತಿತ್ತು. ಎರಡು ನೀರನ್ನೂ ಬೇರೆ ಬೇರೆ ದಾರಿಯಲ್ಲಿ ಕಳುಹುವುದು ದುಬಾರಿಯ ಕೆಲಸ. ನೂರ ನಲವತ್ತು ವರ್ಷಗಳ ಹಿಂದೆ ಬಾಸ್ಟನ್ನಿನವರಿಗೂ ಅದು ದುಬಾರಿಯೇ ಆಗಿತ್ತು.

ಮೈಸೂರಿನ ಅದೃಷ್ಟವೆಂದರೆ ಕೆಲವು ದೊಡ್ಡ ತುಂಡುಗಳು ಉಳಿದಿವೆ. 1960ರಲ್ಲಿ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ವಿಭಾಗಗಳಿಗೆ ಕುಕ್ಕರಹಳ್ಳಿ ಕೆರೆಯ ಆಚೆ ದಂಡೆಯ ನೂರಾರು ಎಕರೆ ವಿಸ್ತಾರವಾದ ನೆಲ ದೊರೆತು, ಕುವೆಂಪು ಅವರು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಅವರು ನಡೆಯುತ್ತಿದ್ದ ಏರಿಯ ಮೇಲೆ ಬೆಳಗಿನ ಹೊತ್ತು ಈಗಲೂ ನೂರಾರು ಜನ ನಡೆಯುತ್ತಾರೆ. ವಿದ್ಯೆಗೆಂದು ಕಾದಿಟ್ಟ ನೆಲ ಹಕ್ಕಿಗೂ ಮರಕ್ಕೂ ಕಾದಿಟ್ಟ ನೆಲವಾಗಿ ಪರಿಣಮಿಸಿತು. ಕಾರಂಜಿ ಕೆರೆ 1976ರಲ್ಲಿ ಮೃಗಾಲಯದ ವಶಕ್ಕೆ ಬಂದು, ಹಾಳುಬಿದ್ದು, ಈ ಶತಮಾನದ ಮೊದಲಲ್ಲಿ ಚೇತರಿಸಿಕೊಂಡಿತು. ಲಿಂಗಾಂಬುಧಿ ಅರಣ್ಯ ಇಲಾಖೆಯ ಪಾಲನೆಗೆ ಸೇರಿತು. ಸಂತೋಷ. ಆದರೆ ಇಲ್ಲಿಯೇ ತೊಡಕೂ ಇದೆ. ಒಂದು ಕೆರೆ ವಿಶ್ವವಿದ್ಯಾನಿಲಯದ್ದು, ಒಂದು ಮೃಗಾಲಯದ್ದು, ಒಂದು ಅರಣ್ಯ ಇಲಾಖೆಯದು, ಬೆಟ್ಟದ ಮೇಲೆ ಮತ್ತೊಂದು ಆಡಳಿತ. ಪ್ರತಿಯೊಬ್ಬರೂ ತಮ್ಮ ತಮ್ಮ ಬೇಲಿಯೊಳಗನ್ನು ಸೊಗಸಾಗಿ ನೋಡಿಕೊಳ್ಳಬಹುದು. ಬೇಲಿಯಿಂದ ಬೇಲಿಗೆ ಹೋಗುವ ಕಾಲುವೆ ಯಾರದು? ನೀರಗಂಟಿ ಇದ್ದಾಗ ಈ ಪ್ರಶ್ನೆಗೆ ಉತ್ತರವಿತ್ತು.

ಕಾನೂನು ಈ ಪ್ರಶ್ನೆಯನ್ನು ತಡವಾಗಿ, ತಡವರಿಸುತ್ತ ಕೇಳಿಕೊಂಡಿತು. 1985ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಕೆರೆಗಳನ್ನು ಕುರಿತು ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಇರುವ ಕೆರೆಗಳನ್ನು ಒಡೆಯದೆ ಜಲಾಶಯಗಳಾಗಿಯೇ ಉಳಿಸಿಕೊಳ್ಳಬೇಕೆಂದು ಸಮಿತಿ ಹೇಳಿತು. 1988ರಲ್ಲಿ ಮೈಸೂರಿನ ಹಳೆಯ ವಿಶ್ವಸ್ಥ ಮಂಡಳಿಯ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂದಿತು. 2014ರಲ್ಲಿ ಕೆರೆಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ ಒಂದು ಅಧಿನಿಯಮವಾಯಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಬೆಂಗಳೂರಿನ ಮಟ್ಟಿಗೆ ಒಂದು ಆಜ್ಞೆಯನ್ನು ಕೊಟ್ಟಿತು: ಕೆರೆಯ ಅಂಚಿನಿಂದ 75 ಮೀಟರು, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 35, 25 ಮೀಟರು ಕಟ್ಟಡವಿಲ್ಲದ ನೆಲವಿರಬೇಕು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಕಾನೂನಿನ ಮೂಲಕ ಸಿದ್ಧವಾದ ನಗರಯೋಜನೆಯನ್ನು ನ್ಯಾಯಾಧಿಕರಣ ತಿದ್ದುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ತೀರ್ಪಿನ ತರ್ಕ ಸರಿಯಾಗಿಯೇ ಇರಬಹುದು. ಹಾಗಾದರೆ ಭಾರವೆಲ್ಲ ನಕ್ಷೆ ಬರೆಯುವವನ ಮೇಲೆ ಬಿದ್ದಂತಾಯಿತು. ನಗರಯೋಜನೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಹಸುರು ಬಣ್ಣವಿದೆ, ಕೆರೆಗೆ ನೀಲಿಯಿದೆ. ಅವೆರಡೂ ಕ್ಷೇತ್ರಗಳು, ಅಗಲವುಳ್ಳವು. ಕಾಲುವೆ ಒಂದು ಗೆರೆ ಮಾತ್ರ. ಗೆರೆಗೆ ಅಗಲವಿಲ್ಲವೆಂದು ರೇಖಾಗಣಿತ ಹೇಳುತ್ತದೆ. ನಿವೇಶನ ಹಂಚುವವರು ಅದನ್ನು ಅಕ್ಷರಶಃ ನಂಬಿದರು.

ಗೆರೆಗೆ ಅಗಲವನ್ನು ಕೊಟ್ಟವರು ಬೇರೆ ಕಡೆ ಇದ್ದಾರೆ. ನಮ್ಮ ಒಂದು ಜಿಲ್ಲೆಗಿಂತ ಚಿಕ್ಕದಾದ, ನೆಲಕ್ಕೆ ಚಿನ್ನದ ಬೆಲೆಯಿರುವ ಸಿಂಗಪುರದಲ್ಲಿ 1990ರ ದಶಕದಿಂದೀಚೆಗೆ ಉದ್ಯಾನದಿಂದ ಉದ್ಯಾನಕ್ಕೆ ಹಸುರುದಾರಿಗಳನ್ನು ನಿರ್ಮಿಸುತ್ತ ಬಂದಿದ್ದಾರೆ. ಈಗ ಅವುಗಳ ಒಟ್ಟು ಉದ್ದ 300 ಕಿಲೋಮೀಟರಿಗೂ ಮಿಗಿಲು. ಅದಕ್ಕೆ ಬೇಕಾದ ನೆಲವನ್ನು ಅವರು ಹೊಸದಾಗಿ ಕೊಳ್ಳಲಿಲ್ಲ. ಚರಂಡಿಗಳಿಗೂ ಕಾಲುವೆಗಳಿಗೂ ಮೊದಲೇ ಬಿಟ್ಟಿದ್ದ ಪಟ್ಟಿಗಳ ಮೇಲೆಯೇ ಬಹುಪಾಲು ದಾರಿಗಳನ್ನು ಮಾಡಿದರು. ನಮ್ಮ ಪೂರ್ಣಯ್ಯ ನಾಲೆ ಅಂಥದೇ ಒಂದು ಪಟ್ಟಿ, ಅವರದಕ್ಕಿಂತ ಹೆಚ್ಚುಕಡಿಮೆ ಎರಡು ಶತಮಾನ ಹಳೆಯದು.

ಮೈಸೂರಿನ ಜನಸಂಖ್ಯೆ 2011ರ ಗಣತಿಯ ಹೊತ್ತಿಗೆ ಒಂಬತ್ತು ಲಕ್ಷವನ್ನು ಮುಟ್ಟಿತ್ತು. ಊರು ಬೆಳೆಯಬಾರದೆಂದು ಹೇಳುವವನು ನಾನಲ್ಲ. ನಿವೃತ್ತರಾದವರೆಲ್ಲ ಮೈಸೂರಿಗೆ ಬಂದು ಮನೆ ಕಟ್ಟಿಸುತ್ತಾರೆಂಬ ಆಕ್ಷೇಪಣೆಯಲ್ಲಿ ನನಗೂ ಪಾಲಿದೆ. ಹಿನಕಲ್, ಬೋಗಾದಿಯ ಕಡೆ ಬಡಾವಣೆಗಳ ನಡುವೆ ಪೂರ್ಣಯ್ಯ ನಾಲೆ ಇನ್ನೂ ಅಲ್ಲಲ್ಲಿ ಬಾಯಿಬಿಟ್ಟುಕೊಂಡಿದೆ. ಕೆಲವು ಕಡೆ ಕಲ್ಲುಕಟ್ಟಡ, ಕೆಲವು ಕಡೆ ಕಾಂಕ್ರೀಟಿನ ಗೋಡೆ, ಕೆಲವು ಕಡೆ ಮನೆಯ ಹಿತ್ತಿಲಿನ ಕಸ. ಕಾಂಕ್ರೀಟು ಹಾಕಿದ ಕಡೆ ನೀರು ಬೇಗ ಹರಿಯುತ್ತದೆ, ಇಂಗುವುದಿಲ್ಲ. ದಂಡೆಯ ಮೇಲೆ ಗಿಡ ನಿಲ್ಲುವುದಿಲ್ಲ. ಒಳಗೆ ಬಿದ್ದ ಆಮೆ ಮೇಲಕ್ಕೆ ಬರಲಾರದು. ಮಣ್ಣಿನ ದಂಡೆ ಉಳಿದಿರುವ ಕಡೆ ಹೊಂಗೆಯ ನೆರಳಿದೆ, ಮಿಂಚುಳ್ಳಿ ಕುಳಿತಿರುತ್ತದೆ. ಎರಡು ದಂಡೆಗಳಿಗೂ ಸರ್ವೆ ಕಲ್ಲು ನೆಟ್ಟು, ಎಡಕ್ಕೆ ಇಷ್ಟು ಗಜ ಬಲಕ್ಕೆ ಇಷ್ಟು ಗಜ ಎಂದು ಹಳೆಯ ದತ್ತಿಶಾಸನದ ಧಾಟಿಯಲ್ಲಿಯೇ ನಗರದ ನಕ್ಷೆಯಲ್ಲಿ ಬರೆದಿಡುವ ಕೆಲಸ ಆಗಬೇಕಾಗಿರುವುದು ಅಲ್ಲಿ, ಆ ಮಣ್ಣಿನ ದಂಡೆಗಳು ಕಾಂಕ್ರೀಟಾಗುವ ಮೊದಲು.